ಮೇಡಂ ಬರಿಗಾಲಲ್ಲಿದ್ದ ಮೂರು ವಾರ

ಕುದುರೆಗೂ ಬೂಟು ಹಾಕುತ್ತಾರೆ ಎಂದು ಮೊದಲ ಸಲ ಕೇಳಿದಾಗ ನಾನು ನಕ್ಕೆ. ನಕ್ಕಿದ್ದು ಬಾಯಲ್ಲಿ ಮಾತ್ರ, ಹೊಟ್ಟೆಯೊಳಗೆ ಆಗಲೇ ಉರಿ ಶುರುವಾಗಿತ್ತು. ನಲವತ್ತು ವರ್ಷ ಲಾಳ ಹೊಡೆದವನ ಎದುರು, ಅದೂ ಅವನದೇ ಕುಲುಮೆಯ ಬಾಗಿಲಲ್ಲಿ ನಿಂತು, ಒಡಹುಟ್ಟಿದ ಅಕ್ಕನೇ "ಮೇಡಂಗೆ ಇನ್ನು ಲಾಳ ಬೇಡ ಕಣೋ" ಎಂದರೆ ಯಾರಿಗೆ ತಾನೇ ತಡೆಯುತ್ತದೆ? ನನಗಂತೂ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಮೇಡಂ ಎಂದರೆ ಅಕ್ಕನ ಗಾಡಿ ಎಳೆಯುವ ಹೆಣ್ಣು ಕುದುರೆ. ಕಂದು ಮೈ, ಹಣೆಯ ಮೇಲೆ ಬಿಳಿ ಮಚ್ಚೆ, ಜಂಬಕ್ಕೆ ಎತ್ತಿದ ಕೈ. "ನಡಿ", "ಹೋಗು" ಎಂದರೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. "ಹೊರಡೋಣ್ವಾ ಮೇಡಂ?" ಎಂದು ಮರ್ಯಾದೆಯಿಂದ ಕೇಳಬೇಕು, ಆಗ ಮಾತ್ರ ಹೆಜ್ಜೆ ಎತ್ತುತ್ತಿದ್ದಳು. ಅಕ್ಕ ಮತ್ತು ಭಾವ ಲಾಂಡ್ರಿ ನಡೆಸುತ್ತಿದ್ದರು. ಭಾವ ಒಳಗೆ ಹಂಡೆ, ಇಸ್ತ್ರಿ ನೋಡಿಕೊಂಡರೆ, ಅಕ್ಕ ಒಗೆದ ಹೊದಿಕೆಗಳ ಗಂಟುಗಳನ್ನು ಗಾಡಿಯಲ್ಲಿ ಹೇರಿಕೊಂಡು ಏರಿನ ಮೇಲಿನ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಕೊಳೆ ಬಟ್ಟೆಯ ಗಂಟುಗಳನ್ನು ತರುತ್ತಿದ್ದಳು. ಆ ಏರಿನ ದಾರಿ ಕಲ್ಲುಹಾಸಿನದು, ಬಲು ಕಿರಿದು, ಮೋಟಾರು ಹೋಗುವಂತಿಲ್ಲ. ಹಾಗಾಗಿ ಹದಿನಾಲ್ಕು ವರ್ಷದಿಂದ ಆಸ್ಪತ್ರೆಯ ರೋಗಿಗಳೆಲ್ಲ ಮೇಡಂ ಹೊತ್ತು ತಂದ ಹೊದಿಕೆಯನ್ನೇ ಹೊದ್ದು ಮಲಗುತ್ತಿದ್ದರು.

ಆ ಹದಿನಾಲ್ಕು ವರ್ಷವೂ ಆರು ವಾರಕ್ಕೊಮ್ಮೆ ಅವಳ ಕಾಲು ನನ್ನ ತೊಡೆಯ ಮೇಲೆ ಇರುತ್ತಿತ್ತು. ಆದರೆ ಕೊನೆಯ ಎರಡು ವರ್ಷದಲ್ಲಿ ಗೊರಸಿನ ಗೋಡೆ, ಅಂದರೆ ಮೊಳೆ ಹಿಡಿಯುವ ಹೊರಸುತ್ತು, ಸವೆದು, ಒಣಗಿದ ಸಾಬೂನಿನ ಅಂಚಿನಂತೆ ಪುಡಿಯಾಗತೊಡಗಿತ್ತು. ಹಳೇ ಮೊಳೆಯ ತೂತಿನ ಪಕ್ಕದಲ್ಲೇ ಹೊಸ ಮೊಳೆಗೆ ಜಾಗ ಹುಡುಕಬೇಕಿತ್ತು. ಗೊರಸಿನ ಹಿಂಭಾಗದ ಎರಡು ಹಿಮ್ಮಡಿಗಳೂ ಒಂದಕ್ಕೊಂದು ಒತ್ತಿಕೊಂಡು ಕಿರಿದಾಗಿದ್ದವು. ಇದೆಲ್ಲ ನನಗೆ ಕಾಣುತ್ತಿರಲಿಲ್ಲವೆಂದಲ್ಲ. ಕಂಡರೂ ವಯಸ್ಸಾಯಿತು, ಇಷ್ಟೇ ಎಂದುಕೊಂಡಿದ್ದೆ.

ಊರಿಗೆ ಹೊಸದಾಗಿ ಬಂದಿದ್ದ ಪಶುವೈದ್ಯೆಗೆ ಹಾಗೆ ಅನ್ನಿಸಲಿಲ್ಲ. ಆ ಡಾಕ್ಟರಮ್ಮನಿಗೆ ನನ್ನ ಸುತ್ತಿಗೆಯಷ್ಟೂ ವಯಸ್ಸಾಗಿರಲಿಲ್ಲ. ಮೇಡಂ ಕಾಲೆತ್ತಿ ನೋಡಿದವಳೇ ಅಕ್ಕನಿಗೆ, "ಮೊಳೆ ಹೊಡೀತಾ ಹೋದ್ರೆ ಒಂದಿನ ಹೊಡೆಯೋಕೆ ಜಾಗಾನೇ ಇರಲ್ಲ. ಒಂದು ವರ್ಷ ಲಾಳ ಇಲ್ದೆ ಬಿಡಿ. ಗೊರಸು ಮೇಲಿಂದ ಹೊಸದಾಗಿ ಇಳ್ಕೊಂಡು ಬರುತ್ತೆ, ಹಿಮ್ಮಡಿ ಅಗಲ ಆಗುತ್ತೆ. ಕಲ್ಲಿನ ರಸ್ತೆಗೆ ಹೋಗುವಾಗ ಮಾತ್ರ ಬೂಟು ಹಾಕಿ," ಎಂದಳಂತೆ. ಅಕ್ಕ ಅದನ್ನೇ ನನಗೆ ಒಪ್ಪಿಸಿದಳು.

"ಬೂಟಾದ ಮೇಲೆ ಕಾಲುಚೀಲ ಯಾವಾಗ? ಮೇಡಂಗೆ ಛತ್ರಿ ಬೇಡ್ವಾ?" ಎಂದೆ.

"ತಮಾಷೆ ಸಾಕು. ಲಾಳ ನೀನೇ ತೆಗೀಬೇಕು. ಬೇರೆಯವರ ಕೈಗೆ ಅವಳ ಕಾಲು ಕೊಡೋಕೆ ನನಗೆ ಮನಸ್ಸಿಲ್ಲ."

ಅಳತೆ ಅಕ್ಕನೇ ತೆಗೆದುಕೊಂಡಳು. ರಟ್ಟಿನ ಮೇಲೆ ಮೇಡಂ ಕಾಲನ್ನು ಒಂದೊಂದಾಗಿ ಇರಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ದರ್ಜಿಯ ಟೇಪು ಹಿಡಿದು ಅಗಲ ಉದ್ದ ಬರೆದುಕೊಂಡಳು. ಎರಡೆರಡು ಸಲ ಅಳೆದಳು. ಆ ಅಳತೆ ಕಳಿಸಿದ ಹದಿನೈದು ದಿನಕ್ಕೆ ಬೂಟು ಬಂದವು: ದಪ್ಪ ರಬ್ಬರಿನ ಅಡಿ, ಹಿಂದೆ ಮೆತ್ತೆ, ಬಿಗಿಯಲು ಪಟ್ಟಿ. ಭಾವ ಒಂದು ಬೂಟಿನೊಳಗೆ ತನ್ನ ಕಾಲು ತೂರಿಸಿ ನೋಡಿ, "ನನ್ನ ಚಪ್ಪಲಿ ಹರಿದು ಆರು ತಿಂಗಳಾಯ್ತು. ನನ್ನ ಅಳತೆ ತಗೊಳ್ಳೋರು ಈ ಮನೇಲಿ ಯಾರೂ ಇಲ್ಲ," ಎಂದ. ಅಕ್ಕ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ಖುಷಿಯಾಗಿದ್ದುದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ನನ್ನ ಕೆಲಸ ಬೇಡವೆಂದಾಗ ಇಷ್ಟು ಸಂತೋಷವೇ ಎನಿಸಿತು. ಸಣ್ಣ ಮನಸ್ಸು ಎಂದರೆ ಅದೇ.

ಲಾಳ ತೆಗೆಯುವ ಹಿಂದಿನ ದಿನ ಡಾಕ್ಟರಮ್ಮ ಕುಲುಮೆಗೇ ಬಂದಳು. ಮರುದಿನ ಬೆಳಿಗ್ಗೆ ಅವಳು ಯಾವುದೋ ತರಬೇತಿಗೆ ಹೊರಟಿದ್ದಳು, ಬರುವುದು ಆರು ವಾರದ ನಂತರ.

"ಮೇಸ್ತ್ರಿಗಳೇ, ಒಂದೇ ಮಾತು. ಲಾಳ ತೆಗೀರಿ, ಗೊರಸಿನ ಅಂಚನ್ನ ಅರದಲ್ಲಿ ಉಜ್ಜಿ ದುಂಡಗೆ ಮಾಡಿ. ಅಷ್ಟೇ. ತಳಕ್ಕೆ ಚಾಕು ಮಾತ್ರ ತಾಗಿಸಬೇಡಿ. ಆ ಒರಟು ಪದರ ಇದ್ರೇನೇ ಅದು ಬರಿಗಾಲಲ್ಲಿ ನಡೆಯೋಕಾಗೋದು."

"ನೀವು ಹುಟ್ಟೋಕ್ಕಿಂತ ಮುಂಚೆಯಿಂದ ಗೊರಸು ನೋಡ್ತಿದೀನಮ್ಮ," ಎಂದೆ.

"ಅದಕ್ಕೇ ಹೇಳ್ತಿರೋದು," ಎಂದು ನಕ್ಕು ಹೋದಳು. ಆ ನಗುವಿನಲ್ಲಿ ಕೊಂಕೇನೂ ಇರಲಿಲ್ಲ. ಇತ್ತು ಎಂದು ನಾನೇ ಅಂದುಕೊಂಡೆ.

ಈಗ ನನ್ನ ಕಸುಬಿನ ಒಂದು ವಿಷಯ ಹೇಳಬೇಕು. ಲಾಳ ಕೂರಿಸುವ ಮುಂಚೆ ಗೊರಸನ್ನು ಚಾಕುವಿನಿಂದ ಕೆತ್ತಿ ಚೊಕ್ಕಟ ಮಾಡುತ್ತೇವೆ. ತಳದ ಸತ್ತ ಪದರ ತೆಗೆದು, ನಡುವಿನ ಮೆತ್ತನೆಯ ಭಾಗವನ್ನು ಸವರಿ, ಬೆಳ್ಳಗೆ ನುಣ್ಣಗೆ ಆದ ಮೇಲೆಯೇ ಲಾಳ. ಭಾರವೆಲ್ಲ ಕಬ್ಬಿಣದ ಮೇಲೆ ಬೀಳುವುದರಿಂದ ತಳ ತೆಳುವಾದರೂ ಕುದುರೆಗೆ ಗೊತ್ತಾಗುವುದಿಲ್ಲ. ಗೊರಸನ್ನು ಎಷ್ಟು ಚೆಂದ ಕೆತ್ತಿದ್ದಾನೆ ಎನ್ನುವುದರ ಮೇಲೆಯೇ ನಮ್ಮಲ್ಲಿ ಒಬ್ಬನ ಕೈ ಎಂಥದ್ದು ಎಂದು ಅಳೆಯುವುದು. ಆ ವಿಷಯದಲ್ಲಿ ನನ್ನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಮೇಡಂ ತಲೆಯ ಬಳಿ ನಿಂತು ಅವಳ ಹಣೆ ಕೆರೆಯುತ್ತಾ ಮಾತಾಡಿಸುತ್ತಿದ್ದಳು. ನಾನು ಹಿಂದೆ ಬಾಗಿ ಕೂತು, ಮಡಚಿದ್ದ ಮೊಳೆಯ ತುದಿಗಳನ್ನು ಬಿಡಿಸಿ, ಇಕ್ಕಳದಲ್ಲಿ ಲಾಳ ಕಿತ್ತೆ. ಅರ ತೆಗೆದುಕೊಳ್ಳುವ ಬದಲು ನನ್ನ ಕೈ ಚಾಕುವಿಗೆ ಹೋಯಿತು. ಮೊದಲ ಕಾಲು ಕೆತ್ತಿ ಮುಗಿಸಿ, ಹೆಚ್ಚಾಗಿ ಕಂಡ ಗೋಡೆಯನ್ನೂ ಕತ್ತರಿಸಿ ಕೆಳಗಿಟ್ಟ ಮೇಲೆಯೇ ಡಾಕ್ಟರಮ್ಮನ ಮಾತು ನೆನಪಾಗಿದ್ದು. ಇಲ್ಲಿಯವರೆಗೆ ಅಭ್ಯಾಸಬಲ ಎನ್ನಬಹುದು, ಒಪ್ಪುತ್ತೇನೆ.

ಎರಡನೇ ಕಾಲು ಎತ್ತಿಕೊಂಡಾಗ ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಒಂದು ಕಾಲು ಬೆಳ್ಳಗೆ ನುಣ್ಣಗೆ, ಉಳಿದವು ಒರಟೊರಟಾಗಿ ಇದ್ದರೆ ನೋಡಲು ಚೆಂದವಿರುವುದಿಲ್ಲ, ಜೊತೆ ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯದು, ನಾಲ್ಕನೆಯದೂ ಹಾಗೆಯೇ ಆಯಿತು. ಅದರ ಕೆಳಗೆ ಇನ್ನೊಂದು ಯೋಚನೆಯೂ ಇತ್ತು: ಆಗಲಿ, ನೋಡೋಣ, ಲಾಳವಿಲ್ಲದೆ ಎಷ್ಟು ದಿನ ನಡೆಯುತ್ತಾಳೋ. ಆ ಯೋಚನೆಗೆ ನಾನು ಆಗ ಹೆಸರಿಡಲಿಲ್ಲ. ಈಗ ಇಡುತ್ತೇನೆ, ಅದು ಹೊಟ್ಟೆಕಿಚ್ಚು.

"ಆಯ್ತಾ?" ಎಂದಳು ಅಕ್ಕ.

"ಆಯ್ತು."

ಅವಳು ಬಾಗಿ ಕೂಡ ನೋಡಲಿಲ್ಲ. ತಮ್ಮ ಮಾಡಿದ ಕೆಲಸವನ್ನು ಏನು ನೋಡುವುದು?

ಮೊದಲ ದಿನವೇ ಬೂಟು ಸಡಿಲವಾಯಿತು. ಸಡಿಲವಾಗದೆ ಇನ್ನೇನು, ಅಳತೆ ಕೊಟ್ಟ ಗೊರಸಿಗೂ ನಾನು ಕೆತ್ತಿಟ್ಟ ಗೊರಸಿಗೂ ಅಷ್ಟು ವ್ಯತ್ಯಾಸ. ಕಾಲು ಬೂಟಿನೊಳಗೆ ತಿರುಗಿ, ಹಿಮ್ಮಡಿಯ ಚರ್ಮ ಉಜ್ಜಿ ಕೆಂಪಾಯಿತು. ಅಕ್ಕ ಹಳೇ ಹೊದಿಕೆ ಹರಿದು ಪಟ್ಟಿ ಮಾಡಿ ಒಳಗೆ ಸುತ್ತಿದಳು. ಬೂಟು ತೆಗೆದು ಅಂಗಳದಲ್ಲಿ ಬಿಟ್ಟರೆ ಮೇಡಂ ಮುಳ್ಳಿನ ಮೇಲೆ ಹೆಜ್ಜೆ ಇಡುವಂತೆ ನಡೆಯುತ್ತಿದ್ದಳು. ಅಕ್ಕ ಗಾಡಿಗೆ ಅರ್ಧ ಗಂಟುಗಳನ್ನೇ ಹೇರಿ, ಉಳಿದದ್ದನ್ನು ತಾನೇ ಹೆಗಲ ಮೇಲೆ ಹೊತ್ತು ಏರು ಹತ್ತುತ್ತಿದ್ದಳು. ಅರವತ್ತರ ಹೆಂಗಸು.

"ಅಳತೆ ನಾನೇ ತಪ್ಪಾಗಿ ತಗೊಂಡೆ ಅನ್ಸುತ್ತೆ ಕಣೋ. ಎರಡು ಸಲ ಅಳೆದಿದ್ದೆ, ಆದ್ರೂ ಎಲ್ಲೋ ತಪ್ಪಿದೆ," ಎಂದಳು ಒಂದು ದಿನ.

"ಇರಬಹುದು," ಎಂದೆ.

ಆ ಒಂದು ಮಾತನ್ನು ವಾಪಸು ತೆಗೆದುಕೊಳ್ಳುವಂತಿದ್ದರೆ ನನ್ನ ಎರಡು ಕೈಗಳನ್ನೂ ಕೊಟ್ಟುಬಿಡುತ್ತೇನೆ. ಅವಳ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮೂರನೇ ವಾರದ ಕೊನೆಗೆ ಅಕ್ಕ ಸೋತಳು. ಮೇಡಂಳನ್ನು ಕುಲುಮೆಗೆ ಕರೆತಂದು, "ಹೊಡ್ದುಬಿಡಪ್ಪ ಲಾಳ. ಇವಳ ಒದ್ದಾಟ ನೋಡೋಕಾಗಲ್ಲ," ಎಂದಳು. ನಾನು ಅವಳೆದುರು ಮೀಸೆ ತಿರುವಲಿಲ್ಲ, ಅಷ್ಟು ಮಾತ್ರ ನನ್ನ ಪುಣ್ಯ. ತಿದಿ ಒತ್ತಿ ಕೆಂಡ ಎಬ್ಬಿಸಿ, ನಾಲ್ಕು ಹೊಸ ಲಾಳ ಕಾಯಿಸಿ ಬಡಿದೆ. ಕಬ್ಬಿಣ ತಳವನ್ನು ನೆಲದಿಂದ ಮೇಲೆತ್ತಿದ ಮೇಲೆ ನೋವೆಲ್ಲಿ? ಮರುದಿನ ಮೇಡಂ ಟಕಟಕ ಎಂದು ಏರು ಹತ್ತಿದಳು. ಇಡೀ ಓಣಿ ಬಾಗಿಲಿಗೆ ಬಂದು ನೋಡಿತು. ನನ್ನ ಮಾತೇ ಸರಿ ಎಂದು ಸಾಬೀತಾಯಿತು. ಅಕ್ಕ ಆಸ್ಪತ್ರೆಯ ಬಟ್ಟೆ ಉಗ್ರಾಣದವರಿಂದ ಹಿಡಿದು ಹಾಲಿನವನ ತನಕ ಎಲ್ಲರಿಗೂ, "ನನ್ನ ತಮ್ಮ ಮೊದಲೇ ಬೇಡ ಅಂದಿದ್ದ. ನಾನೇ ಕೇಳಲಿಲ್ಲ," ಎಂದು ಹೇಳಿಕೊಂಡು ಬಂದಳು. ಬೂಟುಗಳನ್ನು ಅಟ್ಟಕ್ಕೆ ಹಾಕಿದಳು.

ಡಾಕ್ಟರಮ್ಮ ತರಬೇತಿ ಮುಗಿಸಿ ಬಂದವಳು ನೇರ ನನ್ನ ಹತ್ತಿರವೇ ಬಂದಳು.

"ಮೇಸ್ತ್ರಿಗಳೇ, ತಳ ಮುಟ್ಟಿರಲಿಲ್ಲ ತಾನೇ?"

"ಇಲ್ಲ," ಎಂದೆ. ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದೆ.

"ಹಾಗಾದ್ರೆ ಅವಳಿಗೆ ಒಗ್ಗಲ್ಲ ಅಂತ ಕಾಣುತ್ತೆ. ಕೆಲವಕ್ಕೆ ಒಗ್ಗಲ್ಲ," ಎಂದಳು. ಪಾಪ, ನಂಬಿದಳು. ಅಕ್ಕನಿಗೂ ಅದನ್ನೇ ಹೇಳಿದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಮುಗಿಯಿತು ಎಂದುಕೊಂಡೇ ನಾನೂ ಇದ್ದೆ. ಐದು ತಿಂಗಳ ನಂತರ ಕುದುರೆ ಸವಾರಿ ಕಲಿಸುವ ಮೈದಾನದಿಂದ ಕರೆ ಬಂತು. ಅಲ್ಲಿ ಎಲ್ಲರೂ ತಾತ ಎಂದು ಕರೆಯುವ ಒಂದು ಹಳೇ ಕುದುರೆಯಿತ್ತು. ಅದಕ್ಕೂ ಮೇಡಂಗಿದ್ದದ್ದೇ ತೊಂದರೆ, ಪುಡಿಯಾದ ಗೊರಸು, ಒತ್ತಿದ ಹಿಮ್ಮಡಿ. ಲಾಳ ತೆಗೆಯಬೇಕು ಎಂದರು. ಆ ವಾರ ನನ್ನ ಬಲಗೈಯ ಹೆಬ್ಬೆರಳಿಗೆ ತಗಡು ತಾಗಿ ಮೂರು ಹೊಲಿಗೆ ಬಿದ್ದಿದ್ದವು. ಚಾಕು ಹಿಡಿಯುವಂತಿರಲಿಲ್ಲ. ಇಕ್ಕಳದಲ್ಲಿ ಲಾಳ ಕಿತ್ತು, ಎಡಗೈಯಲ್ಲಿ ಅರ ಹಿಡಿದು ಅಂಚನ್ನಷ್ಟೇ ಹೇಗೋ ಉಜ್ಜಿ, ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಬಂದೆ. ಅಂಥ ಒಡ್ಡೊಡ್ಡ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ತಿಂಗಳು ಬಿಟ್ಟು ಹೋದಾಗ ತಾತ ಮರಳಿನಲ್ಲಿ ಬರಿಗಾಲಲ್ಲಿ ಓಡುತ್ತಿದ್ದ. ಜಲ್ಲಿಯ ದಾರಿಗೆ ಬೂಟು ಹಾಕಿದರೆ, ಬೂಟು ಜಾರದೆ ಇದ್ದಲ್ಲೇ ಇತ್ತು. ಕಾಲೆತ್ತಿ ನೋಡಿದೆ. ಮೇಲಿನಿಂದ ಅರ್ಧ ಬೆರಳಗಲದಷ್ಟು ಹೊಸ ಗೋಡೆ ಗಟ್ಟಿಯಾಗಿ, ಒಂದೂ ಬಿರುಕಿಲ್ಲದೆ ಇಳಿಯುತ್ತಿತ್ತು. ನಾನು ಆ ಕಾಲನ್ನು ಬಹಳ ಹೊತ್ತು ಕೆಳಗಿಡಲಿಲ್ಲ. ತಾತನೇ ಬೇಸರವಾಗಿ ಕಿತ್ತುಕೊಂಡ.

ನನ್ನ ಕಸುಬಿನ ಅತ್ಯಂತ ಒಡ್ಡ ಕೆಲಸ ಒಂದು ಕುದುರೆಯನ್ನು ಉಳಿಸಿತ್ತು, ಅತ್ಯಂತ ಚೊಕ್ಕ ಕೆಲಸ ಇನ್ನೊಂದನ್ನು ಕುಂಟಿಸಿತ್ತು. ಮೇಡಂ ಇನ್ನೂ ಇದ್ದಳು, ಬೂಟು ಅಟ್ಟದ ಮೇಲಿದ್ದವು, ಎಲ್ಲವನ್ನೂ ಮತ್ತೆ ಶುರು ಮಾಡಬಹುದಿತ್ತು. ಅಕ್ಕನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅಂದಿನಿಂದ ನಾಲ್ಕು ಸಲ ಮೇಡಂ ಕಾಲು ನನ್ನ ತೊಡೆಗೆ ಬಂತು. ನಾಲ್ಕು ಸಲವೂ ಹೇಳಲೇಬೇಕು ಎಂದುಕೊಂಡೇ ಕೂತೆ. ಮೊದಲ ಸಲ ಭಾವ ಪಕ್ಕದಲ್ಲಿ ನಿಂತು ಹರಟುತ್ತಿದ್ದ, ಅವನ ಮುಂದೆ ಹೇಗೆ ಎನಿಸಿತು. ಎರಡನೇ ಸಲ ಬಂದ ಕೂಡಲೇ ಅಕ್ಕ, "ಈ ಊರಲ್ಲಿ ನಿನ್ನಂಥ ಕೈ ಇನ್ನೊಂದಿಲ್ಲ ಬಿಡು," ಎಂದಳು, ನನ್ನ ನಾಲಿಗೆ ಹೊರಳಲಿಲ್ಲ. ಮೂರನೇ ಸಲ "ಅಕ್ಕಾ" ಎಂದು ಶುರು ಮಾಡಿಯೂ ಬಿಟ್ಟೆ. "ಏನೋ?" ಎಂದಳು. "ಬಿಸಿನೀರು ಸ್ವಲ್ಪ ಕೊಡು," ಎಂದೆ. ನಾಲ್ಕನೇ ಸಲ ಮುಂದಿನ ಎಡಗಾಲಿನಲ್ಲಿ ಮೊಳೆಗೆ ಜಾಗವೇ ಉಳಿದಿರಲಿಲ್ಲ. ಹುಡುಕಿ ಹುಡುಕಿ, ಇರಬೇಕಾದ್ದಕ್ಕಿಂತ ಮೇಲೆ ಒಂದು ಮೊಳೆ ಇಳಿಸಿದೆ. ಅದು ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ನನ್ನ ಕೈಗೆ ಗೊತ್ತಿತ್ತು. ಮುಂದಿನ ಸಲ ಹೇಳಿಯೇ ಹೇಳುತ್ತೇನೆ ಎಂದು ನನಗೆ ನಾನೇ ಆಣೆ ಹಾಕಿಕೊಂಡೆ.

ಮುಂದಿನ ಸಲ ಬರಲಿಲ್ಲ. ಹತ್ತು ದಿನ ಕಳೆದಿತ್ತು. ಮೇಡಂ ತುಂಬಿದ ಗಾಡಿ ಎಳೆದುಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ, ಎಡಗಾಲಿನ ಲಾಳ ಕಲ್ಲಿನ ಸಂದಿಗೆ ಸಿಕ್ಕಿ, ಗೊರಸಿನ ಗೋಡೆಯ ಸಮೇತ ಕಿತ್ತುಬಂತು. ಮೇಡಂ ಮುಗ್ಗರಿಸಿದಳು, ಗಾಡಿಯ ಭಾರ ಹಿಂದಿನಿಂದ ತಳ್ಳಿತು, ಕಾಲು ಮಂಡಿಯ ಕೆಳಗೆ ಮುರಿಯಿತು. ನನಗೆ ಸುದ್ದಿ ಬಂದು ನಾನು ಓಡಿ ತಲುಪುವಷ್ಟರಲ್ಲಿ ಡಾಕ್ಟರಮ್ಮ ಕೊನೆಯ ಸೂಜಿಮದ್ದು ಕೊಟ್ಟು ಅವಳ ನೋವು ಮುಗಿಸಿದ್ದಳು. ಅಕ್ಕ ಕಲ್ಲುಹಾಸಿನ ಮೇಲೆ ಮೇಡಂ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸುತ್ತ ಆಸ್ಪತ್ರೆಯ ಕೊಳೆ ಹೊದಿಕೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ನಾನು ಅವನ್ನು ಆರಿಸಿ ಆರಿಸಿ ಗಂಟು ಕಟ್ಟಿದೆ. ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಅದಾದ ಮೇಲೆ ಒಂದು ತಿಂಗಳು ನಾನು ಲಾಂಡ್ರಿಯ ಕಡೆ ತಲೆ ಹಾಕಲಿಲ್ಲ. ಅಕ್ಕ ಕೈಗಾಡಿ ತಳ್ಳುತ್ತಿದ್ದಾಳೆ ಎಂದು ಭಾವನಿಂದ ತಿಳಿಯಿತು. ಅನ್ನ ಸೇರುತ್ತಿರಲಿಲ್ಲ. ಕುಲುಮೆಯಲ್ಲಿ ಕೂತರೆ ಕೈಗೆ ಚಾಕು ತೆಗೆದುಕೊಳ್ಳಲು ಅಸಹ್ಯವಾಗುತ್ತಿತ್ತು. ಹೇಳಿಬಿಟ್ಟರೆ ಅಕ್ಕ ಬೈಯುತ್ತಾಳೆ, ಬೈದರೆ ಹಗುರಾಗುತ್ತೇನೆ, ಬಹುಶಃ ಒಂದು ದಿನ ಕ್ಷಮಿಸುತ್ತಾಳೆ ಕೂಡ ಎಂದು ಲೆಕ್ಕ ಹಾಕಿಕೊಂಡು ಒಂದು ಮಧ್ಯಾಹ್ನ ಹೊರಟೆ.

ಅಕ್ಕ ಒಣಗಿದ ಹೊದಿಕೆಗಳನ್ನು ಮಡಿಸುತ್ತಿದ್ದಳು. ದೊಡ್ಡ ಹೊದಿಕೆ ಮಡಿಸಲು ಇಬ್ಬರು ಬೇಕು. ನನ್ನನ್ನು ಕಂಡದ್ದೇ, "ಬಂದ್ಯಾ? ಹಿಡ್ಕೋ ಆ ಕಡೆ," ಎಂದಳು, ನಿನ್ನೆ ತಾನೇ ಬಂದು ಹೋದವನಿಗೆ ಹೇಳುವಂತೆ. ಹಿಡಿದೆ. ಝಾಡಿಸಿ, ಎಳೆದು, ಹತ್ತಿರ ಬಂದು ತುದಿಗೆ ತುದಿ ಸೇರಿಸಿ, ಮತ್ತೆ ಹಿಂದೆ ಸರಿದು, ಹೀಗೆ ನಾಲ್ಕೈದು ಮಡಿಸಿದೆವು. ಆರನೆಯದನ್ನು ಎಳೆದು ಹಿಡಿದಾಗ ಹೇಳಿದೆ. ಚಾಕು, ಎರಡನೇ ಕಾಲು, ಡಾಕ್ಟರಮ್ಮನಿಗೆ ಹೇಳಿದ ಸುಳ್ಳು, ತಾತನ ಗೊರಸು, ಬಾಯಿ ಬಿಡದೆ ಕೂತ ನಾಲ್ಕು ಸಲ, ಯಾವುದನ್ನೂ ಉಳಿಸಿಕೊಳ್ಳಲಿಲ್ಲ. "ನಿನ್ನ ಅಳತೆ ಸರಿಯಾಗೇ ಇತ್ತು ಅಕ್ಕಾ," ಎಂದೆ.

ಹೊದಿಕೆ ನಮ್ಮಿಬ್ಬರ ನಡುವೆ ಹಾಗೇ ಬಿಗಿಯಾಗಿ ನಿಂತಿತ್ತು. ಅವಳು ಕೂಗುತ್ತಾಳೆ ಎಂದು ಕಾದೆ. ಒಂದು ಕಪಾಳಕ್ಕೆ ಬಿಟ್ಟಿದ್ದರೂ ತೆಗೆದುಕೊಳ್ಳುತ್ತಿದ್ದೆ.

"ಆ ಮೂರು ವಾರ ಅವಳಿಗೆ ನಿಜವಾಗ್ಲೂ ನೋಯ್ತಿತ್ತಾ?" ಎಂದಳು.

"ಹೂಂ."

"ನಾಟಕ ಅಲ್ವಾ?"

"ನಾಟಕ ಯಾಕೆ ಅಕ್ಕಾ?"

"ನೀನೇ ಅಲ್ವೇನೋ ಹೇಳಿದ್ದು. ಎರಡನೇ ವಾರ ನಿನ್ನ ಕುಲುಮೆ ಮುಂದೆ ನಿಲ್ಸಿ ಕೇಳಿದೆ, ಯಾಕೋ ಹೆಜ್ಜೇನೇ ಇಡ್ತಿಲ್ಲ ನೋಡು ಅಂತ. ಮೇಡಂ ಅಲ್ವಾ, ನಾಟಕ ಆಡ್ತಾಳೆ, ಒಂದೇಟು ಬಿಟ್ರೆ ಸರಿಹೋಗ್ತಾಳೆ ಅಂದೆ ನೀನು."

ಅಂಥ ಮಾತು ಆಡಿದ್ದು ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ. ಆಡಿರುತ್ತೇನೆ, ಅದು ನನ್ನದೇ ಧಾಟಿ.

"ಅವತ್ತು ಏರಿನ ಮಧ್ಯ ನಿಂತ್ಬಿಟ್ಟಳು," ಎಂದಳು ಅಕ್ಕ. "ಮೇಲೆ ಹೊದಿಕೆಗೆ ಕಾಯ್ತಿದ್ರು. ಹೊರಡೋಣ್ವಾ ಮೇಡಂ ಅಂತ ಎಷ್ಟು ಕೇಳಿದ್ರೂ ಕದಲ್ಲಿಲ್ಲ. ಲಗಾಮಿನ ತುದೀಲಿ ಹೊಡೆದೆ ಕಣೋ. ಒಂದಲ್ಲ, ಮೂರು ಸಲ. ಹದ್ನಾಲ್ಕು ವರ್ಷದಲ್ಲಿ ಅವಳ ಮೇಲೆ ಕೈ ಎತ್ತಿದ್ದೇ ಅವತ್ತು. ಹೊಡೆದ ಮೇಲೆ ನಡೆದಳು. ಆ ಕಾಲಲ್ಲೇ ಮೇಲಿನ ತನಕ ನಡೆದಳು."

ಅಕ್ಕ ಹತ್ತಿರ ಬಂದು ನನ್ನ ಕೈಯಲ್ಲಿದ್ದ ಹೊದಿಕೆಯ ತುದಿಗಳನ್ನು ಬಿಡಿಸಿಕೊಂಡಳು. "ನೀನು ಹೊರಡು," ಎಂದಳು. ಸಿಟ್ಟಿನಿಂದೇನೂ ಅಲ್ಲ. ಉಳಿದ ಹೊದಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಬ್ಬಳೇ ಮಡಿಸತೊಡಗಿದಳು.